ಅಣ್ಣ ಹೊರಟು ನಿಂತ ಭಾನುವಾರ

ಅಥವಾ ಈಶ್ವರಣ್ಣ ಹಾಗೆ ಹೇಳಲೇ ಇಲ್ಲವೋ ಏನೋ. ಎದ್ದು ನಿಂತದ್ದು ನಿಜ. ಮಂಡಿಯ ಮೇಲೆ ಕೈಯೂರಿ, ಶಾಲನ್ನು ಹೆಗಲಿಗೆ ಎಳೆದುಕೊಂಡು ಎದ್ದದ್ದನ್ನು ನನ್ನ ಹಾಗೆ ಕಂಡವರು ಇನ್ನೂ ಕೆಲವರು ಊರಲ್ಲಿದ್ದಾರೆ. ಆದರೆ ಮಾತು? ಆ ಮಾತನ್ನು ಇಷ್ಟು ವರ್ಷ ಒಳಗೊಳಗೇ ಹೇಳಿಕೊಂಡು ಬಂದಿದ್ದೇನೆ. ಈಗ ಅದರಲ್ಲಿ ಅವರದ್ದು ಎಷ್ಟು, ನಾನು ಸೇರಿಸಿದ್ದು ಎಷ್ಟು ಎಂದು ಬೇರೆ ಮಾಡಲು ಆಗುತ್ತಿಲ್ಲ. ಶಾಲಿನ ಬಣ್ಣವೇ ಒಮ್ಮೆ ಕೆಂಪಾಗಿ ನೆನಪಾಗುತ್ತದೆ, ಒಮ್ಮೆ ಕಾವಿ. ಶಾಲಿನ ಬಣ್ಣ ಗೊತ್ತಿಲ್ಲದವನು ಮಾತನ್ನು ಮಾತ್ರ ಸರಿಯಾಗಿ ಹೇಳುತ್ತೇನೆಂದರೆ ನೀವು ನಂಬಬಾರದು. ನಾನೂ ನಂಬುವುದಿಲ್ಲ.

ಇದೆಲ್ಲ ಈಗ ಎದ್ದದ್ದು ಒಂದು ಕರಡಿಗೆಯ ದೆಸೆಯಿಂದ. ಮುಳ್ಳೇರಿಯ ಪೇಟೆಯಲ್ಲಿ ನನ್ನದೊಂದು ಮದ್ದಿನ ಅಂಗಡಿ ಉಂಟು. ಕಳೆದ ವಾರ ಮೇಜಿನ ಕೆಳಗಿನ ಡ್ರಾವರು ಸಿಕ್ಕಿಹಾಕಿಕೊಂಡಿತು. ಬಲವಾಗಿ ಎಳೆದಾಗ ಡ್ರಾವರಿನ ಜೊತೆಗೆ ಅದರ ಹಿಂದೆ ಬಿದ್ದಿದ್ದ ಅಂಗೈಯಷ್ಟು ಅಗಲದ ಸ್ಟೀಲಿನ ಕರಡಿಗೆಯೂ ಬಂತು. ಮುಚ್ಚಳ ತೆಗೆದರೆ ಒಳಗೆ ಕಲ್ಲುಸಕ್ಕರೆ ಬೆವರಿ, ಒಣಗಿ, ಒಂದೇ ಉಂಡೆಯಾಗಿ ಕೂತಿದೆ. ಅದರಲ್ಲಿ ಒಂದೆರಡು ಲವಂಗ. ವಾಸನೆ ಮಾತ್ರ ಹೋಗಿರಲಿಲ್ಲ. ಮೂಸಿದ ಕೂಡಲೇ ಗೊತ್ತಾಯಿತು, ಈಶ್ವರಣ್ಣನದ್ದು. ಕೂಟಕ್ಕೆ ಕೂರುವ ಮೊದಲು ಗಂಟಲಿಗೆ ಒಳ್ಳೆಯದೆಂದು ಒಂದು ತುಂಡು ತಾನು ಹಾಕಿಕೊಂಡು, ಒಂದು ತುಂಡು ಇದಿರು ಕೂತವನಿಗೆ ಕೊಡುತ್ತಿದ್ದರು. ಅವನ ಗಂಟಲು ಕಟ್ಟಿದರೆ ತನಗೇ ನಷ್ಟವಂತೆ.

ಕೂಟವೆಂದರೆ ಇಲ್ಲಿ ತಾಳಮದ್ದಳೆ. ಗಟ್ಟದ ಮೇಲಿನ ಓದುಗರು ಇದ್ದರೆ ಎರಡು ಮಾತು ಹೇಳುತ್ತೇನೆ, ಗೊತ್ತಿದ್ದವರು ಆಚೆ ಹಾರಬಹುದು. ಯಕ್ಷಗಾನವೇ ಇದು. ಆದರೆ ವೇಷವಿಲ್ಲ, ಕುಣಿತವಿಲ್ಲ, ಏಳುವುದೂ ಇಲ್ಲ. ಭಾಗವತರು ಒಂದು ಪದ ಹಾಡುತ್ತಾರೆ. ಕೂತವರು ಆ ಪದವನ್ನು ಹಿಡಿದುಕೊಂಡು ರಾಜನಾಗಿ, ತಮ್ಮನಾಗಿ, ರಾಕ್ಷಸನಾಗಿ ಮಾತಾಡುತ್ತಾರೆ. ಬರೆದುಕೊಂಡದ್ದು, ಬಾಯಿಪಾಠ ಮಾಡಿದ್ದು ಏನೂ ಇಲ್ಲ. ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬರಬೇಕು. ಆ ಮಾತಿಗೆ ನಾವು 'ಅರ್ಥ' ಎನ್ನುತ್ತೇವೆ. ಶಾಲೆಯಲ್ಲಿ ಅರ್ಥವೆಂದರೆ ಶಬ್ದದ ಮುಂದೆ ಬರೆಯುವ ಇನ್ನೊಂದು ಶಬ್ದ. ನಮ್ಮಲ್ಲಿ ಎರಡು ಸಾಲಿನ ಪದಕ್ಕೆ ಮುಕ್ಕಾಲು ಗಂಟೆಯ ಅರ್ಥ ಹೇಳುವವರಿದ್ದಾರೆ, ಹೇಳಿ ಮುಗಿಸಿದ ಮೇಲೆ ಪದದಲ್ಲಿ ಏನಿತ್ತೆಂದು ಯಾರಿಗೂ ನೆನಪಿರುವುದಿಲ್ಲ.

ಸಣ್ಣವನಿದ್ದಾಗ ಕೆಲಸ ಹೇಳಿದರೆ ನಾನು ನೆವ ಹೇಳುತ್ತಿದ್ದೆ. ಆಗ ಅಮ್ಮ ಒಲೆಯ ಮುಂದಿನಿಂದಲೇ, "ಅರ್ಥ ಹೇಳ್ಬೇಡ, ನೀರು ಸೇದಿ ತಾ" ಎನ್ನುತ್ತಿದ್ದಳು. ಅರ್ಥವೆಂದರೆ ಉದ್ದಕ್ಕೆ ಮಾತಾಡುವುದೆಂದೇ ನಾನು ತಿಳಿದುಕೊಂಡಿದ್ದೆ. ಶಾಲೆಯಲ್ಲಿ ಕನ್ನಡದ ಟೀಚರು 'ವನ' ಎಂಬ ಶಬ್ದ ಬರೆದು ಅರ್ಥ ಹೇಳು ಎಂದಾಗ ನಾನು ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕೆಮ್ಮಿ, "ಎಲೈ ತಮ್ಮನೇ, ಈ ಘೋರವಾದ ವನದಲ್ಲಿ" ಎಂದು ಶುರು ಮಾಡಿದೆನಂತೆ. ಅಂತೆ ಎನ್ನುವುದು ಯಾಕೆಂದರೆ, ಇದೇ ಕಥೆಯನ್ನು ನನ್ನ ದೊಡ್ಡಮ್ಮನ ಮಗ ತನ್ನದೆಂದು ಹೇಳಿಕೊಳ್ಳುತ್ತಾನೆ. ಒಂದೇ ಬೆಂಚಿನ ಮೇಲೆ ಇಬ್ಬರೂ ಕೂತಿರಲು ಸಾಧ್ಯವಿಲ್ಲ, ಅವನು ನನಗಿಂತ ಎರಡು ತರಗತಿ ಮುಂದೆ ಇದ್ದವನು. ನಗು ಬಂದದ್ದು ಮಾತ್ರ ನನಗೆ ನೆನಪುಂಟು. ನಕ್ಕವರಲ್ಲಿ ನಾನೂ ಇದ್ದೆನೋ ಏನೋ.

ಎಲ್ಲರ ಮಾತನ್ನು ಹೀಗೆ ಒಂದಿಷ್ಟು ಜನ ಸದ್ದಿಲ್ಲದೆ ತಮ್ಮ ಅಂಗಳಕ್ಕೆ ತಂದು ಬೇರೆ ಕೆಲಸಕ್ಕೆ ಹಚ್ಚುವುದು ಕೂಟದಲ್ಲಿ ಮಾತ್ರ ಅಲ್ಲ. ಅಂಗಡಿಗೆ ಬಂದವರು 'ಶಕ್ತಿಯದ್ದು ಕೊಡಿ' ಎಂದರೆ ನಾನು ಯಾವ ಶಕ್ತಿ ಎಂದು ಕೇಳುವುದಿಲ್ಲ, ಟಾನಿಕ್ಕಿನ ಬಾಟ್ಲಿ ಇಳಿಸುತ್ತೇನೆ. ಗಡಿಯ ಆಚೆ, ಮಲಯಾಳದ ಆಡಳಿತದಲ್ಲಿರುವ ನಮ್ಮ ಜಿಲ್ಲೆಯಲ್ಲಿ ವಿಲ್ಲೇಜು ಎಂದರೆ ಹಳ್ಳಿಯಲ್ಲ, ಹಳ್ಳಿಯ ಕಂದಾಯದ ಆಫೀಸು. ಗದ್ದೆ, ಗುಡ್ಡ, ಹಟ್ಟಿ ಎಲ್ಲ ಇರುವ ಜಾಗದಲ್ಲಿ ಹುಟ್ಟಿ ಬೆಳೆದವರು ಒಂದು ಅಂಗಿ ಹಾಕಿಕೊಂಡು 'ವಿಲ್ಲೇಜಿಗೆ ಹೋಗಿ ಬರ್ತೇನೆ' ಎಂದು ಹೊರಡುವುದು ನಮಗೆ ವಿಚಿತ್ರವಾಗಿ ಕಾಣುವುದಿಲ್ಲ. ಆಫೀಸಿನ ಮಲಯಾಳದಲ್ಲಿ ಅಪೇಕ್ಷೆ ಎಂದರೆ ಅರ್ಜಿ. ಕನ್ನಡದಲ್ಲಿ ಮನಸ್ಸಿನಲ್ಲಿ ಇರುವಂಥದ್ದು, ಅಲ್ಲಿ ಕಾಗದದಲ್ಲಿ ಇರಬೇಕು.

ಈಶ್ವರಣ್ಣ ಆ ವಿಲ್ಲೇಜಿನಲ್ಲೇ ಕ್ಲರ್ಕಾಗಿದ್ದು ನಿವೃತ್ತರಾದವರು. ಮಲಯಾಳ ಓದಲು ಬಾರದ ಕನ್ನಡದವರು ಕಿಟಕಿಯ ಹತ್ತಿರ ನಿಂತರೆ ಅವರಿಗೆ ಬೇಕಾದ್ದನ್ನು ಇವರೇ ಬರೆದು, ಎಲ್ಲಿ ಸಹಿ ಹಾಕಬೇಕೆಂದು ತೋರಿಸುತ್ತಿದ್ದರು. ನಡುನಡುವೆ ಬೈಯುವುದೂ ಇತ್ತು. ಕೂಟದಲ್ಲಿಯೂ ಆಫೀಸು ಅವರನ್ನು ಬಿಡಲಿಲ್ಲ. ಒಮ್ಮೆ ರಾಜನ ಪಾತ್ರದಲ್ಲಿ ಕೂತಿದ್ದಾಗ ಇದಿರಿನ ಬ್ರಾಹ್ಮಣ ಬಹಳ ಹೊತ್ತು ಭೂಮಿ ಬೇಡಿದ. ಎಲ್ಲ ಕೇಳಿಕೊಂಡು ಇವರು ಗಂಭೀರವಾಗಿ, "ಅಪೇಕ್ಷೆ ಎಷ್ಟು ಪ್ರತಿ ತಂದಿದ್ದೀರಿ?" ಎಂದರು. ಇದಿರು ಕೂತವನು ನೀರು ಕುಡಿದ. ಇದಿರಿನವನನ್ನು ಹೀಗೆ ಕತ್ತರಿಯಲ್ಲಿ ಸಿಕ್ಕಿಸುವುದು ಅವರಿಗೆ ಸಣ್ಣ ಮಕ್ಕಳ ಖುಷಿ. ಸಿಕ್ಕಿಸಿ, ಆಮೇಲೆ ಅವನು ಬಿಡಿಸಿಕೊಂಡು ಬರುವುದನ್ನು ಕಣ್ಣು ಸಣ್ಣ ಮಾಡಿ ನೋಡುತ್ತಿದ್ದರು. ಬಿಡಿಸಿಕೊಂಡರೆ ಅವನಿಗಿಂತ ಹೆಚ್ಚು ಸಂತೋಷ ಅವರಿಗೆ.

ನಾನು ಕೂಟಕ್ಕೆ ಸೇರಿದ್ದು ಎರಡು ಸಾವಿರದ ಮೂರರಲ್ಲೋ ನಾಲ್ಕರಲ್ಲೋ. ಪೇಟೆಯಿಂದ ಸ್ವಲ್ಪ ಒಳಗೆ ಒಂದು ಭಜನಾ ಮಂದಿರ. ಹದಿನೈದು ದಿನಕ್ಕೊಮ್ಮೆ ಭಾನುವಾರ ಊಟ ಮುಗಿಸಿ ಅಲ್ಲಿ ಸೇರುವುದು. ಗಣಪಣ್ಣ ಭಾಗವತರು. ಕೇಳಲಿಕ್ಕೆ ಹತ್ತು ಹದಿನೈದು ಜನ, ಮಳೆಗಾಲದ ಆಟಿ ತಿಂಗಳಲ್ಲಿ ತೋಟದ ಕೆಲಸ ಇಲ್ಲದಾಗ ಇನ್ನಷ್ಟು. ಎಲ್ಲರಿಗಿಂತ ಮುಂದೆ ಲೋರೆನ್ಸಣ್ಣ ಕೂರುತ್ತಿದ್ದರು. ಬೆಳಿಗ್ಗೆ ಇಗರ್ಜಿಯಲ್ಲಿ ಪೂಜೆ, ಮಧ್ಯಾಹ್ನ ಇಲ್ಲಿ ಕೂಟ. ಮನೆಯಲ್ಲಿ ಕೊಂಕಣಿ ಮಾತಾಡುವ ಅವರು ಅರ್ಥ ಚೆನ್ನಾಗಿ ಬಂದರೆ ತೊಡೆ ತಟ್ಟಿಕೊಳ್ಳುತ್ತಿದ್ದರು, ಬಾರದಿದ್ದರೆ ಜೇಬಿನಿಂದ ಮೊಬೈಲು ತೆಗೆದು ಅಡಿಕೆಯ ರೇಟು ಕೇಳುತ್ತಿದ್ದರು. ನನ್ನ ಮೊದಲ ಕೂಟದಲ್ಲಿ ಅವರು ಬಹಳ ಹೊತ್ತು ಮೊಬೈಲಿನಲ್ಲೇ ಇದ್ದರು.

ಆ ಮೊದಲ ದಿನ ನನಗೆ ಮಾತು ನಿಂತುಹೋಗಿತ್ತು. ಭಾಗವತರು ಪದ ಮುಗಿಸಿದರು, ಎಲ್ಲರೂ ನನ್ನ ಮುಖ ನೋಡಿದರು. ನನ್ನ ತಲೆಯಲ್ಲಿ ಅಂಗಡಿಯ ಶಟರು ಹಾಕಿದೆನೋ ಇಲ್ಲವೋ ಎಂಬುದು ಬಿಟ್ಟು ಬೇರೇನೂ ಇಲ್ಲ. ಆಗ ಇದಿರು ಕೂತಿದ್ದ ಈಶ್ವರಣ್ಣ, "ಏನು ದೂತನೇ, ನಿನ್ನ ಒಡೆಯ ಮೂರು ಮಾತು ಹೇಳಿ ಕಳಿಸಿರಬೇಕಲ್ಲ? ಮೊದಲನೆಯದು ಬೆದರಿಕೆಯೋ, ಬುದ್ಧಿವಾದವೋ?" ಎಂದರು. ಅಷ್ಟು ಸಾಕಾಯಿತು. ಬೆದರಿಕೆ ಎಂದೆ, ಮುಂದೆ ದಾರಿ ಕಂಡಿತು. ಇದಕ್ಕೆ ನಮ್ಮ ಕೂಟದಲ್ಲಿ 'ದಾರಿ ಕೊಡುವುದು' ಎಂದು ಹೆಸರು. ಇದಿರಿನವನಿಗೆ ಮಾತು ತಪ್ಪಿದಾಗ ಅವನು ಹೇಳಬೇಕಾದ್ದನ್ನು ನಮ್ಮ ಪ್ರಶ್ನೆಯ ಒಳಗೆ ಇಟ್ಟು, ಕೇಳುವವರಿಗೆ ತಿಳಿಯದ ಹಾಗೆ ಅವನ ಕೈಗೆ ದಾಟಿಸುವುದು. ಬೇರೆ ಊರಿನ ಕೂಟಗಳಲ್ಲಿ ಇದಕ್ಕೆ ಏನು ಹೇಳುತ್ತಾರೋ ತಿಳಿಯದು. ನಮ್ಮಲ್ಲಿ ಇದಕ್ಕೊಂದು ಕಟ್ಟೂ ಇತ್ತು. ದಾರಿ ಕೊಟ್ಟ ಸಂಗತಿಯನ್ನು ಆಮೇಲೆ ಎತ್ತಬಾರದು. ಕೊಟ್ಟವನು ಕೊಟ್ಟೆ ಎನ್ನಬಾರದು, ಪಡೆದವನು ಉಪಕಾರವಾಯಿತು ಎನ್ನಬಾರದು. ಆ ದಿನ ಚಾ ಕುಡಿಯುವಾಗ ನಾನು ಬಾಯಿ ತೆರೆದೆ. ಈಶ್ವರಣ್ಣ ನನ್ನ ಕೈಗೆ ಗೋಳಿಬಜೆಯ ತಟ್ಟೆ ಕೊಟ್ಟು, "ತಿನ್ನು ಮಾರಾಯ, ತಣಿಯುತ್ತದೆ" ಎಂದರು. ಅಲ್ಲಿಗೆ ಮುಗಿಯಿತು.

ಆಮೇಲೆ ಹತ್ತು ವರ್ಷದ ಹತ್ತಿರ ನಾನು ಅವರ ಇದಿರು ಕೂತೆ. ಮನೆಯಲ್ಲಿ 'ಇದಿರು ಮಾತಾಡಬೇಡ' ಎಂದರೆ ತಿರುಗಿ ಬೀಳಬೇಡ ಎಂದು. ಕೂಟದಲ್ಲಿ 'ಇವ ನನ್ನ ಇದಿರು' ಎಂದರೆ ನೆಂಟಸ್ತಿಕೆ. ಮದುವೆಮನೆಯಲ್ಲಿ ಸಿಕ್ಕಿದರೆ ಅವರು ನನ್ನನ್ನು ಹಾಗೆಯೇ ಪರಿಚಯಿಸುತ್ತಿದ್ದರು. ಕೇಳಿದವರು ಇಬ್ಬರಿಗೂ ಜಾಗದ ತಕರಾರೆಂದು ತಿಳಿದುಕೊಂಡದ್ದೂ ಉಂಟು.

ಕಾಯಿಲೆ ಶುರುವಾದದ್ದು ಯಾವಾಗ ಎಂದು ಹೇಳಲಾರೆ. ಹಿಂದೆ ತಿರುಗಿ ನೋಡಿದರೆ ಎಲ್ಲ ಕಡೆಯೂ ಗುರುತು ಕಾಣುತ್ತದೆ, ಆದ್ದರಿಂದ ಯಾವುದನ್ನೂ ನಂಬಬಾರದು. ಒಮ್ಮೆ ಅಂಗಡಿಗೆ ಬಂದು ಮಾತ್ರೆ ತೆಗೆದುಕೊಂಡು, ಹೊರಗೆ ಹೋಗಿ, ತಿರುಗಿ ಬಂದು ಅದೇ ಮಾತ್ರೆ ಕೇಳಿದರು. ನಾನು ತಮಾಷೆ ಎಂದು ನಕ್ಕೆ, ಅವರೂ ನಕ್ಕರು. ಅವರು ನಕ್ಕದ್ದು ನನ್ನನ್ನು ನೋಡಿ ಎಂದು ಈಗ ಅನಿಸುತ್ತದೆ. ಆಗ ಹಾಗೆ ಅನಿಸಿತ್ತೆಂದು ಬರೆದರೆ ಸುಳ್ಳಾಗುತ್ತದೆ.

ವಿಷಯ ಸರಿಯಾಗಿ ಹೇಳಿದವಳು ಅವರ ಮಗಳು ಸುಮ. ಹತ್ತಿರದ ಎಲ್.ಪಿ. ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಟೀಚರು. ಗಂಡ, ಮಗುವಿನ ಜೊತೆ ಅಪ್ಪನ ಮನೆಯಲ್ಲೇ ಇದ್ದವಳು. ಒಂದು ಸಂಜೆ ಶಾಲೆ ಬಿಟ್ಟು ನೇರ ಅಂಗಡಿಗೆ ಬಂದಳು. ಬೇರೆ ಗಿರಾಕಿಗಳು ಹೋಗುವ ವರೆಗೆ ಮೂಲೆಯಲ್ಲಿ ತೂಕದ ಯಂತ್ರದ ಹತ್ತಿರ ನಿಂತಿದ್ದಳು. ಮಂಗಳೂರಿನ ಡಾಕ್ಟ್ರು ಮರೆವಿನ ಕಾಯಿಲೆ ಎಂದಿದ್ದಾರೆ, ನಿಧಾನಕ್ಕೆ ಹೆಚ್ಚಾಗುತ್ತದೆ ಎಂದಿದ್ದಾರೆ. ಮಾತಾಡಿಸುತ್ತಾ ಇರಿ, ಇಷ್ಟದ ಕೆಲಸ ಬಿಡಿಸಬೇಡಿ ಎಂದೂ ಹೇಳಿದ್ದಾರೆ. ಅಪ್ಪನ ಇಷ್ಟದ ಕೆಲಸ ಒಂದೇ. ಆದರೆ ಅದು ನಾಲ್ಕು ಜನರ ಮುಂದೆ ಮಾಡುವ ಕೆಲಸ.

"ಭಾಸ್ಕರಣ್ಣ, ನೀವು ಇದಿರು ಕೂರುವುದಾದರೆ ಮಾತ್ರ ಕಳಿಸ್ತೇನೆ," ಎಂದಳು. "ಮಾತು ನಿಂತದ್ದನ್ನು ಜನ ನೋಡಬಾರದು. ಅಪ್ಪ ಅದನ್ನು ತಾಳುವುದಿಲ್ಲ. ಬೇರೆ ಎಲ್ಲ ತಾಳಿಯಾರು."

ನಾನು ಆಯಿತು ಎಂದೆ. ಬೇರೆ ಏನು ಹೇಳಲಿಕ್ಕುಂಟು? ಅವಳು ಹೋಗುವಾಗ ಸುಮ್ಮನೆ ಬರಿಗೈಯಲ್ಲಿ ಹೋಗಬಾರದೆಂದೋ ಏನೋ ಒಂದು ಪೇಸ್ಟು ತೆಗೆದುಕೊಂಡಳು.

ಅಲ್ಲಿಂದ ಮುಂದೆ ನಾನು ಕೂಟಕ್ಕೆ ಎರಡು ಪಾತ್ರ ತಯಾರು ಮಾಡಿಕೊಂಡು ಹೋಗುತ್ತಿದ್ದೆ. ನನ್ನದು, ಅವರದ್ದು. ಗಣಪಣ್ಣನಿಗೆ ಮಾತ್ರ ತಿಳಿಸಿದ್ದೆ. ಅವರು ಪದಗಳನ್ನು ಕಡಿಮೆ ಮಾಡಿದರು, ಒಂದು ಪದದ ಸಾಲನ್ನು ಬೇಕೆಂದೇ ಎರಡು ಸಲ ಹಾಡಿದರು. ನಾನು ಪ್ರಶ್ನೆಗಳಲ್ಲಿ ಉತ್ತರ ಕಟ್ಟಿ ಕೊಟ್ಟೆ. ಆಶ್ಚರ್ಯವೆಂದರೆ ಮಾತು ಒಮ್ಮೆ ಕೈಗೆ ಸಿಕ್ಕಿದರೆ ಈಶ್ವರಣ್ಣ ಮೊದಲಿನ ಹಾಗೆಯೇ ಹೋಗುತ್ತಿದ್ದರು, ಕೆಲವೊಮ್ಮೆ ಮೊದಲಿಗಿಂತ ಚಂದ. ಚಾ ಕುಡಿಯುವಾಗ ಸಕ್ಕರೆ ಹಾಕಿಯಾಯಿತೋ ಎಂದು ಮೂರು ಸಲ ಕೇಳುವ ಮನುಷ್ಯ, ಜಮಖಾನೆಯ ಮೇಲೆ ಕೂತರೆ ರಾಜನೀತಿ ಹೇಳುತ್ತಿದ್ದರು. ದಾರಿ ಕೊಡುತ್ತಿದ್ದೇನೆಂದು ಅವರಿಗೆ ಗೊತ್ತಿತ್ತೇ? ಒಂದು ದಿನ ಕಲ್ಲುಸಕ್ಕರೆ ಕೊಡುವಾಗ ನನಗೆ ಒಂದರ ಬದಲು ಎರಡು ತುಂಡು ಕೊಟ್ಟರು. ಅದನ್ನು ನಾನು ಉತ್ತರವೆಂದು ಬಹಳ ಕಾಲ ಇಟ್ಟುಕೊಂಡಿದ್ದೆ. ಈಗ ಕರಡಿಗೆ ನೋಡಿದರೆ, ಎರಡು ತುಂಡು ಅಂಟಿಕೊಂಡಿದ್ದಿರಲೂಬಹುದು.

ಅವರು ಎದ್ದು ನಿಂತ ಆ ಭಾನುವಾರ ಕೂಟಕ್ಕೆ ಇಟ್ಟಿದ್ದ ಕಥೆ ನಿಮಗೆ ಗೊತ್ತಿರುವುದೇ. ತಂದೆಯ ಮಾತಿಗಾಗಿ ಕಾಡಿಗೆ ಹೋದ ಅಣ್ಣ, ಅವನನ್ನು ಮನೆಗೆ ಕರೆಯಲು ಹಿಂದೆಯೇ ಬರುವ ತಮ್ಮ. ಪಾತ್ರ ಹಂಚುವಾಗಲೂ ನಾವು ಹೆಸರು ಹೇಳುವುದಿಲ್ಲ, 'ನಿಮಗೆ ಅಣ್ಣ, ಇವನಿಗೆ ತಮ್ಮ' ಎಂದೇ ಹೇಳುವುದು. ತಮ್ಮ ಕರೆಯಬೇಕು, ಅಣ್ಣ ಒಲ್ಲೆನೆನ್ನಬೇಕು. ತಮ್ಮ ಅಳಬೇಕು, ಅಣ್ಣ ಸಮಾಧಾನ ಹೇಳಿ ಪಾದುಕೆ ಕೊಟ್ಟು ಕಳಿಸಬೇಕು. ಅರ್ಥ ಎಲ್ಲಿಗೆ ಬೇಕಾದರೂ ಸುತ್ತಿಕೊಂಡು ಬರಬಹುದು, ಕೊನೆಗೆ ಮುಂದಿನ ಪದದ ಬಾಗಿಲಿಗೆ ಬಂದು ಸೇರಲೇಬೇಕು. ಮುಂದಿನ ಪದ, ಅಣ್ಣ ಒಲ್ಲೆನೆನ್ನುವ ಪದ. ಅವರಿಗೆ ಸುಲಭವಾಗಲಿ ಎಂದು ನಾನೇ ಈ ಕಥೆ ಇಡಿಸಿದ್ದೆ. ಅಣ್ಣನಿಗೆ ಹೇಳಲಿಕ್ಕೆ ಹೆಚ್ಚೇನಿಲ್ಲ, ಬೇಡ ಎಂದರಾಯಿತು.

ಮಳೆ ಇತ್ತೋ ಇಲ್ಲವೋ. ಇತ್ತೆಂದು ನೆನಪು, ಆದರೆ ಕೂಟದ ನೆನಪಿನಲ್ಲೆಲ್ಲ ನನಗೆ ಮಳೆ ಬರುತ್ತದೆ. ಸುಮ ಬಾಗಿಲ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಈಶ್ವರಣ್ಣ ಆ ದಿನ ಕಲ್ಲುಸಕ್ಕರೆ ಕೊಡಲು ಮರೆತರು, ನಾನೂ ಕೇಳಲಿಲ್ಲ. ನನ್ನ ಪದ ಮುಗಿಯಿತು. ನಾನು ಶುರು ಮಾಡಿದೆ. ಒಪ್ಪಿಕೊಳ್ಳಬೇಕು, ಆ ದಿನ ನನಗೆ ಅರ್ಥ ಚೆನ್ನಾಗಿ ಬಂತು. ಲೋರೆನ್ಸಣ್ಣನ ಮೊಬೈಲು ಜೇಬಿನಿಂದ ಹೊರಗೆ ಬರಲಿಲ್ಲ. ಮನೆಯ ಬಾಗಿಲು ಮುಚ್ಚುವವರಿಲ್ಲ ಎಂದೆ. ನೀನು ಕೂರುವ ಜಾಗವನ್ನು ಯಾರೂ ಗುಡಿಸಲು ಬಿಡುತ್ತಿಲ್ಲ ಎಂದೆ. ತಾಯಿ ದಾರಿಯಲ್ಲಿ ಯಾರ ಹೆಜ್ಜೆ ಕೇಳಿದರೂ ನೀನೆಂದು ಏಳುತ್ತಾಳೆ ಎಂದೆ. "ಅಣ್ಣಾ, ಸಾಕು ಈ ಕಾಡು. ಮನೆಗೆ ಬಾ," ಎಂದು ಕೈ ಮುಗಿದು ಬಿಟ್ಟೆ.

ಅವರು ನನ್ನನ್ನೇ ನೋಡುತ್ತಿದ್ದರು. ಮಾತು ಬರಲಿಲ್ಲ. ನಾನು ದಾರಿ ಕೊಟ್ಟೆ. "ತಂದೆಯ ಮಾತೆಂದು ಹೇಳುತ್ತೀಯಾ ಅಣ್ಣಾ? ಅವಧಿ ಮುಗಿಯದೆ ಬರಲಾರೆ ಎಂದು ಹೇಳುತ್ತೀಯಾ?" ಎಲ್ಲ ಎತ್ತಿ ಕೈಯಲ್ಲಿ ಇಟ್ಟಂತೆಯೇ. ಹೌದು ಎಂದರೆ ಸಾಕಿತ್ತು.

"ಬರ್ತೇನೆ," ಎಂದರು ಈಶ್ವರಣ್ಣ.

ಕೂಟದ ಕನ್ನಡವಲ್ಲ ಅದು, ಪೇಟೆಯ ಕನ್ನಡ. ಆಮೇಲೆ ಮಂಡಿಯ ಮೇಲೆ ಕೈಯೂರಿ ಎದ್ದರು. ಕೂಟದಲ್ಲಿ ಯಾರೂ ಏಳುವುದಿಲ್ಲ. ನಾನು ಕಂಡಂತೆ ಅವರೊಬ್ಬರೇ ಎದ್ದದ್ದು. ಶಾಲು ಹೆಗಲಿಗೆ ಎಳೆದುಕೊಂಡು, "ನಡಿ, ಹೋಗುವ. ಹೊತ್ತಾಯ್ತು," ಎಂದರು.

ಗಣಪಣ್ಣನ ಕೈ ಜಾಗಟೆಯ ಮೇಲೆ ಅಲ್ಲಾಡದೆ ನಿಂತಿತು. ಬಾಗಿಲ ಹತ್ತಿರ ಕುರ್ಚಿ ಸರಿದ ಸದ್ದಾಯಿತು. ಅದು ಸುಮ. ಕೇಳುವವರು ಮಾತ್ರ ಮುಂದಕ್ಕೆ ಬಗ್ಗಿದರು, ಇದೊಂದು ಹೊಸ ವರಸೆ ಎಂದುಕೊಂಡು. ಈಶ್ವರಣ್ಣ ಅಲ್ಲವೇ, ಸಿಕ್ಕಿಸುವುದೇ ಅವರ ಕೆಲಸ. ಅಣ್ಣನೇ ಹೊರಟು ನಿಂತರೆ ತಮ್ಮ ಏನು ಮಾಡುತ್ತಾನೆ ನೋಡುವ ಎಂದು ಎಲ್ಲರೂ ನನ್ನ ಕಡೆಗೆ ತಿರುಗಿದರು.

ನನ್ನ ಮುಂದೆ ಇದ್ದದ್ದು ಸುಮ ಹೇಳಿದ ಒಂದೇ ಮಾತು. ಜನ ನೋಡಬಾರದು. ಹಾಗಾಗಿ ಕರೆಯಲು ಬಂದ ತಮ್ಮನೇ ಅಣ್ಣನನ್ನು ತಡೆಯಲು ಶುರು ಮಾಡಿದೆ. ಅಣ್ಣಾ, ನಾನು ಕರೆದ ಕೂಡಲೇ ನೀನು ಬಂದರೆ ನಾಳೆ ಲೋಕ ಏನೆಂದೀತು? ತಂದೆ ಪ್ರಾಣ ಬಿಟ್ಟದ್ದು ಯಾವುದಕ್ಕೆ? ಕರೆಯುವುದು ನನ್ನ ಆಸೆ, ಬಾರದಿರುವುದು ನಿನ್ನ ಧರ್ಮ, ನನ್ನ ಆಸೆಗಾಗಿ ನೀನು ಸಣ್ಣವನಾಗಬೇಡ. ಹೀಗೆ ಅಣ್ಣ ಹೇಳಬೇಕಾದ ಅಷ್ಟೂ ಮಾತನ್ನು ತಮ್ಮನ ಬಾಯಿಯಿಂದ ಹೇಳಿದೆ. ಎಷ್ಟು ಹೊತ್ತು ಹೇಳಿದೆನೋ. ಲೋರೆನ್ಸಣ್ಣ ತೊಡೆ ತಟ್ಟಿಕೊಂಡ ಸದ್ದು ಕೇಳಿಸಿತು. ಈಶ್ವರಣ್ಣ ನಿಂತೇ ಕೇಳುತ್ತಿದ್ದರು. ವಿಲ್ಲೇಜಿನ ಕಿಟಕಿಯ ಹೊರಗೆ ನಿಂತು ಇದು ಇವತ್ತು ಆಗುವುದಿಲ್ಲ ಎಂದು ಕೇಳಿಸಿಕೊಳ್ಳುವವರ ಹಾಗೆ, ಒಂದೊಂದು ಮಾತಿಗೂ ಸಣ್ಣಗೆ ತಲೆಯಾಡಿಸುತ್ತಾ.

ಆಮೇಲೆ ನನ್ನ ಕಡೆಗೆ ಬಗ್ಗಿ, ನಮ್ಮ ನಡುವೆ ಇಟ್ಟಿದ್ದ ಮೈಕಿಗೆ ಸಿಗದ ಸ್ವರದಲ್ಲಿ ಕೇಳಿದರು. "ಹಾಗಾದ್ರೆ ಹೋಗುವುದು ಬೇಡವಾ?"

"ಬೇಡ ಅಣ್ಣಾ," ಎಂದೆ. "ನೀನು ಇಲ್ಲೇ ಇರಬೇಕು."

ಅವರು ಕೂತರು. ಗಣಪಣ್ಣ ಕೂಡಲೇ ಅಣ್ಣ ಒಲ್ಲೆನೆನ್ನುವ ಪದ ಎತ್ತಿದರು, ಅದರ ಬೆನ್ನಿಗೇ ಮಂಗಳ ಹಾಡಿ ಮುಗಿಸಿದರು.

ಚಾ ಕುಡಿಯುವಾಗ ಲೋರೆನ್ಸಣ್ಣ ನನ್ನ ಭುಜ ಹಿಡಿದು ಅಲ್ಲಾಡಿಸಿ, "ಎಂತ ಅರ್ಥ ಮಾರಾಯ, ಇಷ್ಟು ವರ್ಷದಲ್ಲಿ ಕೇಳಿರಲಿಲ್ಲ ನಾನು. ಅವರು ಹಾಗೆ ಎದ್ದದ್ದು ಮೊದಲೇ ಮಾತಾಡಿಕೊಂಡದ್ದೋ?" ಎಂದು ಕೇಳಿದರು. ನಾನು ಗೋಳಿಬಜೆ ಬಾಯಿಗೆ ಹಾಕಿಕೊಂಡೆ. ಈಶ್ವರಣ್ಣ ದೂರದಲ್ಲಿ ಕಂಬಕ್ಕೆ ಒರಗಿ, ಲೋಟದ ಚಾ ಆರುವುದನ್ನು ನೋಡುತ್ತಿದ್ದರು. ಹೋಗಿ ಕೇಳಬಹುದಿತ್ತು. ದಾರಿ ಕೊಟ್ಟ ಸಂಗತಿ ಎತ್ತಬಾರದು ಎಂಬ ಕಟ್ಟು ನನ್ನನ್ನು ತಡೆಯಿತು ಎಂದು ಹೇಳಿಕೊಳ್ಳುತ್ತೇನೆ. ಅವರು ಏನು ಹೇಳಿಯಾರೋ ಎಂಬ ಹೆದರಿಕೆಯೂ ಇದ್ದಿರಬೇಕು. ಕೇಳದೇ ಇರಲು ಒಂದು ಒಳ್ಳೆಯ ಕಾರಣ ಸಿಕ್ಕಿದಾಗ ಮನುಷ್ಯ ಇನ್ನೊಂದನ್ನು ಹುಡುಕುವುದಿಲ್ಲ.

ಸುಮ ಹೊರಡುವ ಮೊದಲು ನನ್ನ ಹತ್ತಿರ ಬಂದಳು. ಅಪ್ಪನನ್ನು ಬೀಳಲು ಬಿಡಲಿಲ್ಲ ನೀವು ಎಂದಳು. ಕಣ್ಣು ಒರಸಿಕೊಂಡು, ಇನ್ನು ಕೂಟಕ್ಕೆ ಕಳಿಸುವುದಿಲ್ಲ, ಇಲ್ಲಿಗೆ ಸಾಕು, ಚೆನ್ನಾಗಿ ಮುಗಿಯಿತಲ್ಲ ಎಂದಳು. ಆಮೇಲೆ ಬೇರೆ ಏನೋ ವಿಷಯ ಹೇಳುವಂತೆ ಇದನ್ನೂ ಸೇರಿಸಿದಳು. ಒಂದು ತಿಂಗಳಿಂದ ದಿನಾ ಸಾಯಂಕಾಲ ಅಪ್ಪನದ್ದು ಇದೇ ಹಟ. ಮನೆಯ ಚಾವಡಿಯಲ್ಲೇ ಕೂತು, ಮನೆಗೆ ಹೋಗುವ, ಹೊತ್ತಾಯ್ತು ಎನ್ನುತ್ತಾರೆ. ಇದೇ ಮನೆ ಅಪ್ಪಾ ಎಂದರೆ ಅಲ್ಲ ಎನ್ನುತ್ತಾರೆ.

ಅಲ್ಲಿಯ ವರೆಗೆ ನನಗೊಂದು ಸಣ್ಣ ಹೆಮ್ಮೆ ಇತ್ತು. ಸುಮ ಹೇಳಿದ ಮೇಲೆ ಅದ್ಭುತವಾಗಿ ಮಾತಾಡಿದ ನನ್ನ ಬಾಯಿಯ ರುಚಿ ಕೆಟ್ಟಿತು. ಮನೆಗೆ ಬಾ ಎಂದು ಅಷ್ಟು ಚಂದದಲ್ಲಿ ಕರೆದವನು ನಾನು. ಸರಿ, ನಡಿ ಎಂದ ಕೂಡಲೇ ಬೇಡ ಎಂದವನೂ ನಾನೇ.

ಕೆಲವು ವಾರ ಬಿಟ್ಟು ಅವರ ಮನೆಗೆ ಹೋದೆ. ಸಂಜೆ. ಈಶ್ವರಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿ, ಕೈಯಲ್ಲಿ ಕೊಡೆ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದರು. ಸುಮ ಒಂದು ಉಪಾಯ ಮಾಡಿಕೊಂಡಿದ್ದಳು. ಮನೆಗೆ ಹೋಗುವ ಎಂದಾಗ ಅವಳು ವಾದಿಸುವುದನ್ನು ಬಿಟ್ಟಿದ್ದಳು. ಚಪ್ಪಲಿ ಹಾಕಿಸಿ, ಬಾಗಿಲು ಎಳೆದು, ಅವರ ಕೈ ಹಿಡಿದು ಹೊರಡುತ್ತಿದ್ದಳು. ರಸ್ತೆಯ ಮೋರಿಯ ವರೆಗೆ ಹೋಗಿ, ಅಲ್ಲಿ ಸ್ವಲ್ಪ ನಿಂತು, ತಿರುಗಿ ಅದೇ ದಾರಿಯಲ್ಲಿ ಬಂದು, ಗೇಟಿನ ಹತ್ತಿರ "ಮನೆ ಬಂತು ಅಪ್ಪಾ" ಎನ್ನುತ್ತಿದ್ದಳು. ಆಗ ಅವರು ನಿಟ್ಟುಸಿರು ಬಿಟ್ಟು, ಕಾಲು ತೊಳೆದು ಒಳಗೆ ಹೋಗುತ್ತಿದ್ದರಂತೆ, ಬಹಳ ದೂರದಿಂದ ಬಂದವರ ಹಾಗೆ.

ಆ ದಿನ ನಾನೂ ಜೊತೆಗೆ ನಡೆದೆ. ಅವರು ನನ್ನನ್ನು ಗುರುತಿಸಿದರೋ ಇಲ್ಲವೋ, ಕೊಡೆಯ ಅರ್ಧವನ್ನು ಮಾತ್ರ ನನ್ನ ಕಡೆಗೆ ಹಿಡಿದಿದ್ದರು. ಕೊಡೆ ಬಿಡಿಸಿದ್ದರೆ ಮಳೆ ಇದ್ದಿರಬೇಕು, ಅಥವಾ ಬಿಸಿಲು. ಮೋರಿಯ ಹತ್ತಿರ ತಿರುಗಿದೆವು. ಮನೆ ಬಂತು ಎಂದಳು ಸುಮ. ಅವರು ಗೇಟು ತೆಗೆದು, ಮೊದಲು ನನ್ನನ್ನು ಒಳಗೆ ಬಿಡಲು ಬದಿಗೆ ಸರಿದರು. ಅಂಗಡಿ ತೆರೆದಿಟ್ಟು ಬಂದಿದ್ದೇನೆಂದು ಹೇಳಿ ನಾನು ಅಲ್ಲಿಂದಲೇ ತಿರುಗಿದೆ.

ಕರಡಿಗೆಯನ್ನು ಅವರು ಆ ಗೇಟಿನಲ್ಲಿ ನನ್ನ ಕೈಗೆ ಕೊಟ್ಟರೆಂದು ಬರೆದರೆ ಬಹಳ ಚಂದ ಕಾಣುತ್ತದೆ. ಅಣ್ಣ ಪಾದುಕೆ ಕೊಟ್ಟ ಹಾಗೆ. ಇಷ್ಟು ಚಂದ ಕಾಣುವುದರಿಂದಲೇ ನನಗೆ ಅದರ ಮೇಲೆ ಅನುಮಾನ. ಅಂಗಡಿಗೆ ಬಂದಾಗ ಮರೆತು ಬಿಟ್ಟು ಹೋಗಿರಬಹುದು. ಯಾವುದೋ ಕೂಟದ ದಿನ ನಾನೇ ಜೇಬಿಗೆ ಹಾಕಿಕೊಂಡು ತಂದಿರಬಹುದು. ಅದು ಡ್ರಾವರಿನ ಹಿಂದೆ ಬಿದ್ದದ್ದು ನಿಜ, ಅಷ್ಟೇ.

ಅವರು ತೀರಿಹೋದದ್ದು ಎರಡು ವರ್ಷದ ನಂತರ. ಸಮಾರಾಧನೆಯ ದಿನ ಊಟ ಮುಗಿಸಿ ಕೈ ತೊಳೆಯುವಲ್ಲಿ ಗಣಪಣ್ಣ ಸಿಕ್ಕಿದರು. ಹೇಳಬೇಕೋ ಬೇಡವೋ ಎಂದು ಸ್ವಲ್ಪ ಹೊತ್ತು ಬಾಯಿ ಮುಕ್ಕಳಿಸುತ್ತಾ ನಿಂತರು. ಆಮೇಲೆ ಹೇಳಿದರು. ಬಹಳ ಹಿಂದೆ, ಕಾಯಿಲೆಯ ಸುಳಿವೇ ಇಲ್ಲದ ಕಾಲದಲ್ಲಿ, ಬಸ್ಸಿಗೆ ಕಾಯುವಾಗ ಈಶ್ವರಣ್ಣ ಅವರಿಗೆ ಒಂದು ಮಾತು ಹೇಳಿದ್ದರಂತೆ. "ಒಂದು ಸಲ ಆ ಅಣ್ಣನನ್ನು ಹೊರಡಿಸಬೇಕು ಭಾಗವತರೇ. ಎಲ್ಲರೂ ಅವನನ್ನು ಕರೆಯುವುದೇ ಅವ ಬರುವುದಿಲ್ಲ ಎಂಬ ಧೈರ್ಯದಲ್ಲಿ. ಬರ್ತೇನೆ ಎಂದರೆ ತಮ್ಮನ ಬಣ್ಣ ಗೊತ್ತಾಗ್ತದೆ."

ಗಣಪಣ್ಣನಿಗೂ ವಯಸ್ಸಾಗಿದೆ. ಆ ಮಾತು ಮೊದಲೇ ಕೇಳಿದ್ದೋ, ಆ ಭಾನುವಾರದ ನಂತರ ಅವರ ನೆನಪು ತಾನೇ ಕಟ್ಟಿಕೊಂಡದ್ದೋ, ಅವರ ಮೇಲೆ ಆಣೆ ಇಟ್ಟು ಕೇಳಲಾಗುವುದಿಲ್ಲ. ನನ್ನ ಸಮಾಧಾನಕ್ಕೆ ಹೇಳಿರಲೂಬಹುದು. ಸಮಾಧಾನವಾಗಲಿಲ್ಲ. ಬೇಕೆಂದೇ ನನ್ನನ್ನು ಸಿಕ್ಕಿಸಿದ್ದರೆ, ಇದಿರಿನವನು ಬಿಡಿಸಿಕೊಂಡು ಬರುವುದನ್ನು ನೋಡುವ ಅವರ ಆ ಸಣ್ಣ ಕಣ್ಣನ್ನು ನಾನು ಆ ದಿನ ಕಾಣಬೇಕಿತ್ತು. ಕಂಡೆನೋ ಎಂದು ಹುಡುಕುತ್ತೇನೆ. ತಲೆಯಾಡಿಸಿದ್ದು ಮಾತ್ರ ಕಾಣುತ್ತದೆ.

ಕೂಟ ಈಗಲೂ ನಡೆಯುತ್ತದೆ. ತಮ್ಮನ ಪಾತ್ರ ಬಂದರೆ ನಾನು ಬೇರೆಯವರಿಗೆ ಬಿಡುತ್ತೇನೆ. ಗಂಟಲು ಸರಿಯಿಲ್ಲ ಎಂದರೆ ಮದ್ದಿನ ಅಂಗಡಿಯವನಿಗೇ ಗಂಟಲು ನೋವೋ ಎಂದು ನಗುತ್ತಾರೆ, ನಾನೂ ನಗುತ್ತೇನೆ. ಕರಡಿಗೆಯನ್ನು ಸುಮಳಿಗೆ ಕೊಡಬೇಕು. ಬಿಸಿನೀರು ಹಾಕಿ ತೊಳೆದು ಕೊಡಲೋ, ಹಾಗೆಯೇ ಕೊಡಲೋ ಎಂದು ತೀರ್ಮಾನವಾಗಿಲ್ಲ.

ಆ ಭಾನುವಾರ ಈಶ್ವರಣ್ಣ ಹೊರಟು ನಿಂತದ್ದು ಕಥೆಯೊಳಗಿನ ಮನೆಗೋ, ಸುಮ ದಿನಾ ತಲುಪಿಸುತ್ತಿದ್ದ ಮನೆಗೋ, ಅದಕ್ಕೂ ಹಿಂದೆ ಅವರು ಹುಟ್ಟಿದ ಯಾವುದಾದರೂ ಮನೆಗೋ, ನನಗೆ ಗೊತ್ತಿಲ್ಲ. ನನ್ನ ಮಾತಿಗೆ ಒಪ್ಪಿ ಕೂತರೋ, ಕಾಲು ಸೋತು ಕೂತರೋ, ಅದೂ ಗೊತ್ತಿಲ್ಲ.